ಪರವೂರಿನ ಹೆಸರು ಹೊತ್ತಿದ್ದ ಸೈದಾಪುರ ನಿಲ್ದಾಣ

ಮುಂಬಯಿಯಿಂದ ಮದರಾಸಿಗೆ ಸಾಗುವ ರೈಲುಮಾರ್ಗದ ವೇಳಾಪಟ್ಟಿಯನ್ನು ತೆರೆದರೆ ‘ರೋಡ್’ ಎಂಬ ಬಾಲವುಳ್ಳ ಹೆಸರುಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಸೊಲ್ಲಾಪುರವನ್ನು ದಾಟಿದರೆ ಅಕ್ಕಲಕೋಟೆ ರೋಡ್, ಕಲಬುರಗಿಗೆ ಮೊದಲು ಗಾಣಗಾಪುರ ರೋಡ್, ರಾಯಚೂರಿನಿಂದ ಮುಂದೆ ಮಂತ್ರಾಲಯಂ ರೋಡ್. ಹೆಸರನ್ನು ನಂಬಿ ಇಳಿದ ಯಾತ್ರಿಕನಿಗೆ ಅಲ್ಲಿ ದತ್ತಾತ್ರೇಯನ ಪಾದುಕೆಗಳಾಗಲಿ ರಾಘವೇಂದ್ರಸ್ವಾಮಿಗಳ ಬೃಂದಾವನವಾಗಲಿ ಕಾಣಸಿಗವು. ಮುಂದಿನ ಹಾದಿಯನ್ನು ಬಸ್ಸಿನಲ್ಲಿಯೇ ಕ್ರಮಿಸಬೇಕು. ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇಲ್ಲಿದೆ ಎಂಬುದೇ ರೈಲ್ವೆಯವರ ‘ರೋಡ್’ ಶಬ್ದದ ಅರ್ಥ.

ಇದೇ ಸಾಲಿಗೆ ಸೇರಿದ್ದ ಇನ್ನೊಂದು ಹೆಸರು ಈಗ ಫಲಕದ ಮೇಲಿಲ್ಲ. ಯಾದಗಿರಿಗೂ ರಾಯಚೂರಿಗೂ ನಡುವೆ ಇರುವ ಸೈದಾಪುರ ನಿಲ್ದಾಣವು ಬಹುಕಾಲ ‘ನಾರಾಯಣಪೇಟ್ ರೋಡ್’ ಎಂದು ಕರೆಸಿಕೊಂಡಿತ್ತು. ನೆಲ ಸೈದಾಪುರದ್ದು, ಹೆಸರು ಮಾತ್ರ ಈಶಾನ್ಯಕ್ಕೆ ಹತ್ತಾರು ಕಿಲೋಮೀಟರುಗಳಾಚೆಯ ಪಟ್ಟಣದ್ದು.

ನಾರಾಯಣಪೇಟೆ ಯಾವುದೆಂದು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಸಣ್ಣ ಚೌಕುಳಿಯ ಒಡಲು, ಎದ್ದು ಕಾಣುವ ಅಂಚು, ಒಪ್ಪವಾದ ಸೆರಗು ಇವುಗಳಿಂದ ನಾರಾಯಣಪೇಟೆಯ ಸೀರೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಮನೆಗಳಲ್ಲಿ ಮನ್ನಣೆ ಪಡೆದಿದೆ. ಮಗ್ಗದ ಊರಿಗೆ ನೂಲು ಬರಬೇಕು, ನೇಯ್ದ ಬಟ್ಟೆ ಹೊರಗೆ ಹೋಗಬೇಕು. ಆದರೆ ರೈಲುಹಳಿ ಆ ಊರಿನತ್ತ ತಿರುಗಲೇ ಇಲ್ಲ. ಸೈದಾಪುರದ ನಿಲ್ದಾಣವೇ ಆ ಪೇಟೆಗೆ ಹೆಬ್ಬಾಗಿಲಾಯಿತು.

ಹಳಿ ತಿರುಗದಿರಲು ಕಾರಣವಿತ್ತು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿಯನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯು ಆಗ್ನೇಯಕ್ಕೆ ಹಳಿ ಹಾಸುತ್ತ ಬಂದುದು ಮದರಾಸಿನ ಸಂಪರ್ಕಕ್ಕಾಗಿ. ಅತ್ತ ಮದರಾಸು ರೈಲ್ವೆ ಕಂಪನಿಯು ವಾಯವ್ಯಕ್ಕೆ ಬರುತ್ತಿತ್ತು. ಎರಡೂ 1871ರಲ್ಲಿ ರಾಯಚೂರಿನಲ್ಲಿ ಸಂಧಿಸಿದವು. ಎರಡು ಮಹಾನಗರಗಳನ್ನು ಬೆಸೆಯುವ ಈ ಅವಸರದಲ್ಲಿ ನಡುವಿನ ಪೇಟೆಗಳನ್ನು ಹುಡುಕಿಕೊಂಡು ಸುತ್ತುವುದು ಕಂಪನಿಗಳ ಉದ್ದೇಶವಾಗಿರಲಿಲ್ಲ. ಯಾವ ಊರು ದಾರಿಯಲ್ಲಿ ಸಿಕ್ಕಿತೋ ಅದಕ್ಕೆ ನಿಲ್ದಾಣ. ಸಿಗದ ಊರಿಗೆ ‘ರೋಡ್’.

ಆಗ ಈ ಸೀಮೆಯೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನ. ಸೈದಾಪುರದ ರೈತನಿಗೂ ನಾರಾಯಣಪೇಟೆಯ ನೇಕಾರನಿಗೂ ಒಬ್ಬನೇ ಅರಸು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿತು. 1951ರಲ್ಲಿ ಹಳೆಯ ಕಂಪನಿಯ ಮಾರ್ಗವು ಮಧ್ಯ ರೈಲ್ವೆಯಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಿಲ್ದಾಣ ಮೈಸೂರು ರಾಜ್ಯಕ್ಕೆ ಬಂದಿತು, ಅದರ ಹೆಸರಿನ ಊರು ಆಂಧ್ರಪ್ರದೇಶಕ್ಕೆ ಹೋಯಿತು. ಗಡಿಯ ಇತ್ತಲಿನ ಫಲಕದ ಮೇಲೆ ಅತ್ತಲಿನ ಊರು ಉಳಿದುಕೊಂಡಿತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ತೆಲಂಗಾಣ ರಾಜ್ಯ ಹುಟ್ಟಿತು. 2019ರಲ್ಲಿ ನಾರಾಯಣಪೇಟೆಯೂ ಜಿಲ್ಲಾಕೇಂದ್ರವಾಯಿತು. ಗೆರೆಗಳು ಎಷ್ಟು ಬಾರಿ ಬದಲಾದರೂ ಹಳಿ ಅಲ್ಲಿಯೇ ಇದೆ.

ಆ ಹಳಿಗೆ ಗಡಿಯ ಪರಿವೆಯೇ ಇಲ್ಲ. ಸೈದಾಪುರದಿಂದ ರಾಯಚೂರಿಗೆ ಹೊರಟ ಗಾಡಿ ಕರ್ನಾಟಕವನ್ನು ಬಿಟ್ಟು ತೆಲಂಗಾಣದ ಕೃಷ್ಣಾ ನಿಲ್ದಾಣವನ್ನು ಮುಟ್ಟಿ, ಕೃಷ್ಣಾ ನದಿಯ ಸೇತುವೆಯನ್ನು ದಾಟಿ ಮರಳಿ ಕರ್ನಾಟಕವನ್ನು ಸೇರುತ್ತದೆ. ಆಚೆ ದಡದಲ್ಲಿ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಎತ್ತರದ ಹೊಗೆಗೊಳವೆಗಳು ಪ್ರಯಾಣಿಕನನ್ನು ಎದುರುಗೊಳ್ಳುತ್ತವೆ. ಒಂದೇ ಜಿಲ್ಲಾಕೇಂದ್ರಕ್ಕೆ ಹೋಗುವ ಅಲ್ಪ ಪ್ರಯಾಣದಲ್ಲಿ ಎರಡು ಬಾರಿ ರಾಜ್ಯದ ಎಲ್ಲೆಯನ್ನು ದಾಟುವ ಭಾಗ್ಯ ಎಲ್ಲರಿಗೂ ಇಲ್ಲ!

ಈಗ ಈ ಮಾರ್ಗಕ್ಕೆ ಜೋಡಿ ಹಳಿಗಳುಂಟು, ಮೇಲೆ ವಿದ್ಯುತ್ ತಂತಿಯುಂಟು. ದೂರದ ಊರುಗಳ ಅನೇಕ ವೇಗದ ಗಾಡಿಗಳು ಸಣ್ಣ ನಿಲ್ದಾಣಗಳಲ್ಲಿ ನಿಲ್ಲದೆ ಓಡುತ್ತವೆ. ಸೈದಾಪುರದಂತಹ ಕಡೆ ಜನರಿಗೆ ಮುಖ್ಯವಾದುದು ಗಾಡಿಯ ವೇಗವಲ್ಲ, ಅದರ ನಿಲುಗಡೆ. ಯಾದಗಿರಿಯ ಕಚೇರಿಗೆ, ರಾಯಚೂರಿನ ಆಸ್ಪತ್ರೆಗೆ, ಕಲಬುರಗಿಯ ಕಾಲೇಜಿಗೆ ಹೋಗುವವರು ನೆಚ್ಚಿರುವುದು ಪ್ಯಾಸೆಂಜರ್ ಗಾಡಿಗಳನ್ನು. ವಾಡಿಗೆ ಹೋದರೆ ಸಿಕಂದರಾಬಾದಿನ ಮಾರ್ಗ, ಗುಂತಕಲ್ಲಿಗೆ ಹೋದರೆ ಬೆಂಗಳೂರು, ಹುಬ್ಬಳ್ಳಿಗಳ ಮಾರ್ಗ ಸಿಗುತ್ತದೆ. ತೊಗರಿ, ಹತ್ತಿ, ಶೇಂಗಾ ಬೆಳೆಯುವ ಈ ನಾಡಿನಿಂದ ಸುಗ್ಗಿಯ ಬಳಿಕ ಕೂಲಿ ಅರಸಿ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಹೊರಡುವ ಕುಟುಂಬಗಳಿಗೂ ಈ ಹಳಿಯೇ ದಾರಿ. ಒಂದು ನಿಲುಗಡೆ ತಪ್ಪಿದರೆ ನಗರದವನಿಗೆ ಅರ್ಧ ಗಂಟೆಯ ಬೇಸರ. ಇಲ್ಲಿಯವನಿಗೆ ಒಂದು ದಿನದ ಸಂಪಾದನೆ.

ಸಮೀಪದ ಕಡೇಚೂರಿನ ಕೈಗಾರಿಕಾ ಪ್ರದೇಶದಲ್ಲಿ ರೈಲ್ವೆ ಬೋಗಿಯ ಕಾರ್ಖಾನೆಯೂ ಬಂದಿದೆ. ಬೋಗಿ ಎಂದರೆ ಜನ ಕುಳಿತುಕೊಳ್ಳುವ ಡಬ್ಬಿಯಲ್ಲ; ಡಬ್ಬಿಯ ಅಡಿಯಲ್ಲಿದ್ದು ಚಕ್ರಗಳನ್ನು ಹಿಡಿದಿರುವ ಉಕ್ಕಿನ ಚೌಕಟ್ಟು. ಗಾಡಿ ಹೋಗುವುದನ್ನು ನೋಡುತ್ತಿದ್ದ ಸೀಮೆ ಈಗ ಗಾಡಿಯ ಕಾಲನ್ನೇ ಮಾಡುತ್ತಿದೆ.

ಅತ್ತ ನಾರಾಯಣಪೇಟೆಯ ಕಡೆಗೂ ರೈಲು ಹತ್ತಿರವಾಗಿದೆ. 1997–98ರಲ್ಲಿ ಮಂಜೂರಾದ ಮಹಬೂಬನಗರ–ಮುನಿರಾಬಾದ್ ಮಾರ್ಗದ ಜಕ್ಲೇರ್–ಕೃಷ್ಣಾ ಭಾಗವು, 37 ಕಿಲೋಮೀಟರ್ ಉದ್ದದ್ದು, 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಯಾಯಿತು. ಮಖ್ತಲಿನ ಜನರಿಗೆ ತಮ್ಮದೇ ನಿಲ್ದಾಣ ದೊರೆಯಿತು. ಕಾಚಿಗುಡದಿಂದ ರಾಯಚೂರಿಗೆ ಗಾಡಿ ಓಡತೊಡಗಿತು. ನಾರಾಯಣಪೇಟೆಯ ಪೇಟೆಬೀದಿಗೆ ಮಾತ್ರ ಆ ಹಳಿಯೂ ಹೋಗಲಿಲ್ಲ.

ಬೇರೆಯವರ ಹೆಸರನ್ನು ತಲೆಮಾರುಗಳ ಕಾಲ ಹೊತ್ತು, ಅವರ ಜನರನ್ನೂ ತನ್ನ ಜನರನ್ನೂ ಒಂದೇ ಸಮನಾಗಿ ಹತ್ತಿಸಿ ಇಳಿಸಿದ ನಿಲ್ದಾಣಕ್ಕೆ ಕೊನೆಗೆ ತನ್ನ ಹೆಸರು ಬಂದಿತು. ಇನ್ನು ಸೈದಾಪುರದ ಚೀಟಿ ಕೊಂಡವನು ನಿಜವಾಗಿಯೂ ಸೈದಾಪುರದಲ್ಲಿಯೇ ಇಳಿಯುತ್ತಾನೆ. ನಾರಾಯಣಪೇಟೆಯ ಕಡೆಗೆ ಹೋಗುವ ರಸ್ತೆ, ಹೆಸರಿಲ್ಲದಿದ್ದರೂ, ಊರಿನಿಂದ ಹಿಂದಿನಂತೆಯೇ ಹೊರಡುತ್ತದೆ.