ರಾತ್ರಿಯ ಪಂಖಾ

ಪಂಖಾ ಕೊಳ್ಳುವುದೂ ಬರೆಯತಕ್ಕ ವಿಷಯವೇ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ನಾವೂ ಹಾಗೆಯೇ ತಿಳಿದಿದ್ದೆವು. ಅಂಗಡಿಗೆ ಹೋಗುವುದು, ಬಣ್ಣ ನೋಡುವುದು, ಬೆಲೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಜಗ್ಗಾಡುವುದು, ಕಟ್ಟಿಸಿಕೊಂಡು ಮನೆಗೆ ಬರುವುದು. ಇದಕ್ಕಿಂತ ಹೆಚ್ಚಿನ ವಿಚಾರವು ಅದರಲ್ಲೇನಿದೆ? ವಿಚಾರವುಂಟೆಂಬುದನ್ನು ನಮಗೆ ಕಲಿಸಿದ್ದು ವೈಶಾಖದ ಒಂದು ರಾತ್ರಿ.

ನಮ್ಮ ವಾಸವು ಕೊಲ್ಹಾರದಲ್ಲಿ. ಹಳೆಯ ಕೊಲ್ಹಾರವು ಕೃಷ್ಣೆಯ ದಂಡೆಯ ಮೇಲಿತ್ತು. ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚಿದರೆ ನಡುರಾತ್ರಿಯಲ್ಲಿ ಹೊಳೆಯ ಕಡೆಯಿಂದ ಬರುವ ಗಾಳಿಗೆ ಕಂಬಳಿಯನ್ನು ಹುಡುಕಬೇಕಾಗುತ್ತಿತ್ತು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಕಾಲಾಂತರದಲ್ಲಿ ಅದರ ಹಿನ್ನೀರು ಹಳೆಯ ಊರನ್ನು ಒಳಗೊಂಡಿತು. ನಾವೆಲ್ಲರೂ ಎತ್ತರದ ನೆಲದ ಹೊಸ ಊರಿಗೆ ಬಂದೆವು. ಆ ನೀರೇ ಇಂದು 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ತಿರುಗಿಸುತ್ತಿದೆ. ಆದಾಗ್ಯೂ ಬೇಸಿಗೆಯ ಗಾಳಿ-ಗುಡುಗಿನ ರಾತ್ರಿಗಳಲ್ಲಿ ನಮ್ಮ ಮನೆಯ ದೀಪವು ಆರುವುದು ತಪ್ಪಿಲ್ಲ. ದೂರುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ, ಕಥೆಗೆ ಬೇಕಾಗಿದೆ.

ಹೊಸ ಮನೆಗೆ ಸಿಮೆಂಟಿನ ಮಾಳಿಗೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿಯೆಲ್ಲ ಕಕ್ಕುತ್ತದೆ. ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ಮೊಣಕಾಲಿನ ನೋವಿನಿಂದ ಮೇಲೆ ಹತ್ತಲಾರರು. ಅವರ ಕೋಣೆಯ ಪಂಖಾ ಹಳೆಯದು, ಕಟಕಟ ಸದ್ದಿನದು. “ಇದು ಪಂಖಾ ಅಲ್ಲೋ ತಮ್ಮಾ, ಹಿಟ್ಟಿನ ಗಿರಣಿ” ಎಂದು ಅವರು ಆಗಾಗ ಅನ್ನುತ್ತಿದ್ದರು. ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಆ ರಾತ್ರಿ ಹತ್ತು ಗಂಟೆಗೆ ವಿದ್ಯುತ್ತು ಹೋಯಿತು. ಇನ್ವರ್ಟರಿನ ಮೇಲೆ ಎರಡು ಪಂಖಾ, ಎರಡು ದೀಪ ನಡೆದವು. ನಮ್ಮದು ಅಗ್ಗದ ಇನ್ವರ್ಟರು. ಅದು ಕೊಡುವ ವಿದ್ಯುತ್ತಿನ ಅಲೆಯು ನಯವಾಗಿರದೆ ಚೌಕಾಕಾರವಾಗಿರುವುದರಿಂದ ಪಂಖಾಗಳು ಗುಂಯ್‌ಗುಟ್ಟುವವು. ಆ ಸದ್ದಿನಲ್ಲಿಯೇ ನಮಗೆ ನಿದ್ದೆ ಹತ್ತಿತು. ಎರಡೂವರೆಗೆ ಬ್ಯಾಟರಿ ಬರಿದಾಗಿ ಪಂಖಾಗಳು ನಿಂತವು. ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಪಕ್ಕದ ಕೋಣೆಯಿಂದ “ತಮ್ಮಾ... ತಮ್ಮಾ...” ಎಂಬ ಕ್ಷೀಣ ಧ್ವನಿ ಕೇಳಿಸಿತು. ನೀರಿಗೆಂದು ಎದ್ದ ತಾಯಿಯವರು ಜಾರಿ, ಮಂಚಕ್ಕೂ ಗೋಡೆಗೂ ನಡುವೆ ಬಿದ್ದುಬಿಟ್ಟಿದ್ದರು. ಎಲುಬೇನೂ ಮುರಿದಿರಲಿಲ್ಲ, ಸೊಂಟಕ್ಕೆ ಪೆಟ್ಟಾಗಿತ್ತು. ಎಷ್ಟು ಹೊತ್ತಿನಿಂದ ಕೂಗುತ್ತಿದ್ದಿರೆಂದು ಕೇಳಿದರೆ ಅವರು ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ಮರುದಿನ ನಾವು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ನಮಗೆ ಬೇಕಾದುವು ಎರಡೇ: ಪಕ್ಕದ ಕೋಣೆಯ ಕರೆ ಕೇಳಿಸುವಷ್ಟು ಸದ್ದಿಲ್ಲದ ಪಂಖಾ, ಮತ್ತು ವಿದ್ಯುತ್ತಿಲ್ಲದಿದ್ದರೂ ಬೆಳಗಿನವರೆಗೆ ನಿಲ್ಲದ ಗಾಳಿ. ನಮ್ಮ ಬ್ಯಾಟರಿ 12 ವೋಲ್ಟಿನದು, 150 ಆಂಪಿಯರ್-ತಾಸಿನದು. ಗುಣಿಸಿದರೆ 1800 ವ್ಯಾಟ್-ತಾಸು. ನಾಲ್ಕು ಬೇಸಿಗೆ ಕಂಡ ಬ್ಯಾಟರಿಯಾದುದರಿಂದ ಅರ್ಧಕ್ಕಿಂತ ಹೆಚ್ಚು ಕೊಡದು. ಸಾಮಾನ್ಯ ಪಂಖಾ ಒಂದಕ್ಕೆ 75 ವ್ಯಾಟ್. ದೀಪಗಳೂ ಇನ್ವರ್ಟರು ತಾನೇ ನುಂಗುವುದೂ ಕೂಡಿದರೆ ಸುಮಾರು 200. ಒಂಬೈನೂರನ್ನು ಇನ್ನೂರರಿಂದ ಭಾಗಿಸಿದರೆ ನಾಲ್ಕೂವರೆ ತಾಸು. ಹತ್ತರಿಂದ ಎರಡೂವರೆ! ಲೆಕ್ಕವು ನಮ್ಮನ್ನು ಅಣಕಿಸುವಂತೆ ಸರಿಹೊಂದಿತು.

ವಿಜಯಪುರದ ಅಂಗಡಿಯಲ್ಲಿ ಈಚಿನ ಬಿಎಲ್‌ಡಿಸಿ ಪಂಖಾಗಳನ್ನು ತೋರಿಸಿದರು. ಅವಕ್ಕೆ ಸುಮಾರು 30 ವ್ಯಾಟ್ ಸಾಕು. 2023ರ ಜನವರಿಯಿಂದ ಮಾಳಿಗೆಯ ಪಂಖಾಗಳಿಗೆ ನಕ್ಷತ್ರದ ಗುರುತು ಕಡ್ಡಾಯವಾಗಿರುವುದರಿಂದ ಆರಿಸುವುದೂ ಸುಲಭ. ಪಡಸಾಲೆಗೆ ಒಂದನ್ನು ಕೊಂಡೆವು, ಒಳ್ಳೆಯದೇ. ಆದರೆ ಒಂದು ಮೂಲೆಯ ಮಂಚದಲ್ಲಿ ಮಲಗಿದ ಒಂದು ಜೀವಕ್ಕಾಗಿ ಇಡೀ ಕೋಣೆಯ ಗಾಳಿಯನ್ನು ಕಲಕುವುದೇಕೆ? ಮೇಲಾಗಿ ಕಾದ ಮಾಳಿಗೆಯ ಕೆಳಗೆ ತಿರುಗುವ ಪಂಖಾ ಅಲ್ಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಲಾರಿಯ ಚಾಲಕರು ಕಟ್ಟಿಕೊಳ್ಳುವ ಚಿಕ್ಕ ಪಂಖಾ ಬ್ಯಾಟರಿಯಿಂದಲೇ ನೇರವಾಗಿ ನಡೆಯುವುದನ್ನು ಕಂಡು ಅದೊಂದನ್ನು ತಂದೆವು. ಹಚ್ಚಿದರೆ ಮುದುಕ ಎತ್ತಿನಂತೆ ಎಳೆದೆಳೆದು ತಿರುಗಿತು. ನೋಡಿದರೆ ಅದು 24 ವೋಲ್ಟಿನದು, ನಮ್ಮದು 12. ಬರೆದುದನ್ನು ಓದದೆ ಕೊಂಡವರು ನಾವೇ, ಅಂಗಡಿಯವನದೇನು ತಪ್ಪು? 12ರದನ್ನು ತಂದರೆ ಅದರ ಕಿರುಚಾಟವೇ ಗಿರಣಿಯನ್ನು ಮೀರಿಸಿತು.

ಅಷ್ಟರಲ್ಲಿ ಜೂನ್ ತಿಂಗಳು ಬಂದಿತು. ನಮ್ಮ ತಂಗಿಯ ಮಗನು ಮಲ್ಪೆಯಲ್ಲಿ ಆಳಸಮುದ್ರದ ಮೀನುಗಾರಿಕೆಯ ಬೋಟಿನಲ್ಲಿ ದುಡಿಯುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳಿಗೆ ಕಡಲು ನಿಷಿದ್ಧ. ಆಗ ಅವನು ಊರಿಗೆ ಬರುತ್ತಾನೆ. ಮಿರಗದ ಮಳೆ ಇನ್ನೂ ಹಿಡಿದಿರಲಿಲ್ಲ. ಸೆಕೆಯು ವೈಶಾಖದಂತೆಯೇ ಇತ್ತು. ನಮ್ಮ ಪರಾಕ್ರಮವನ್ನೆಲ್ಲ ಕೇಳಿ ಅವನು ನಕ್ಕನು.

“ಬ್ಯಾಟರಿ ಕರೆಂಟನ್ನ ಇನ್ವರ್ಟರಿನ್ಯಾಗ ಮನಿ ಕರೆಂಟ ಮಾಡ್ತೀರಿ. ಹೊಸಾ ಪಂಖಾ ಅದನ್ನ ತನ್ನೊಳಗ ಮತ್ತ ಬ್ಯಾಟರಿ ಕರೆಂಟಿನ ಗತೆ ಮಾಡಿಕೋತದ. ಬಾವಿ ನೀರು ಮಾಳಿಗಿಗೆ ಏರಿಸಿ ತಿರುಗಿ ಬಾವಿಗೇ ಸುರುವಿದಂಗಾತು, ಮಾಮಾ.”

ಅವರ ಬೋಟಿನ ಕ್ಯಾಬಿನ್ನಿನಲ್ಲಿ ಆರೇಳು ಜನ ಒತ್ತಾಗಿ ಮಲಗುತ್ತಾರಂತೆ. ಒಮ್ಮೆ ಹೊರಟರೆ ಎಂಟು-ಹತ್ತು ದಿನ. ಇಂಜಿನ್ನು ನಡೆಯುವಾಗ ಪಂಖಾದ ಸದ್ದನ್ನು ಕೇಳುವವರಾರು? ಲಂಗರು ಹಾಕಿ ಇಂಜಿನ್ನು ನಿಲ್ಲಿಸಿದ ಮೇಲೆಯೇ ಅದರ ಬಣ್ಣ ಬಯಲಾಗುವುದು. ಆಗ ಪಂಖಾ ಉಣ್ಣುವುದು ಬ್ಯಾಟರಿಯನ್ನು. ಬೆಳಗ್ಗೆ ಇಂಜಿನ್ನು ಎಬ್ಬಿಸಬೇಕಾದದ್ದೂ ಬ್ಯಾಟರಿಯೇ, ವೈರ್‌ಲೆಸ್ಸಿಗೂ ಅದೇ. ಗಾಳಿಯ ಆಸೆಗೆ ಬ್ಯಾಟರಿಯನ್ನು ಬರಿದು ಮಾಡಿದರೆ ನಡುಗಡಲಿನಲ್ಲಿ ಕೇಳುವವರಿಲ್ಲ. ಆದುದರಿಂದ ಅವರು ಬ್ರಶ್ ಇಲ್ಲದ ಮೋಟಾರಿನ ಪಂಖಾವನ್ನೇ ಹುಡುಕುತ್ತಾರೆ. ಬ್ರಶ್ ಎಂದರೆ ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸಲು ಉಜ್ಜುತ್ತಿರುವ ಇದ್ದಿಲ ತುಂಡು. ಉಜ್ಜುವುದರಿಂದ ಸದ್ದು, ಸವೆತ. ಅದರ ಕಿಡಿಯಿಂದ ವೈರ್‌ಲೆಸ್ಸಿನಲ್ಲಿ ಕರಕರ. ನಮ್ಮ ಲಾರಿಯ ಪಂಖಾ ಈ ಜಾತಿಯದಾಗಿತ್ತು.

ಮರುದಿನ ಅವನು ತನ್ನ ಗಂಟಿನೊಳಗಿಂದ ತನ್ನದೇ ಪಂಖಾವನ್ನು ತೆಗೆದನು. ಗೇಣುದ್ದ, ಅಗಲವಾದ ರೆಕ್ಕೆ. ರೆಕ್ಕೆ ಅಗಲವಿದ್ದರೆ ನಿಧಾನವಾಗಿ ತಿರುಗಿದರೂ ಗಾಳಿ ಸಾಲುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧವಾಗುವುದು. ಆದರೆ ರೆಕ್ಕೆ ಬೇಡುವ ಶಕ್ತಿಯು ಸುಮಾರು ಎಂಟರಲ್ಲೊಂದು ಪಾಲಿಗೆ ಇಳಿಯುವುದು, ಸದ್ದಂತೂ ಅಡಗಿಯೇ ಹೋಗುವುದು. ಜೋರಿನಲ್ಲಿಟ್ಟರೆ ಅರ್ಧ ಆಂಪಿಯರ್, ಮೆಲ್ಲನೆ ಇಟ್ಟರೆ ಕಾಲು. ಅಂದರೆ 3 ವ್ಯಾಟ್. ಎಂಟು ತಾಸಿನ ರಾತ್ರಿಗೆ 24 ವ್ಯಾಟ್-ತಾಸು. ನಮ್ಮ ಗಿರಣಿ ಇಪ್ಪತ್ತು ನಿಮಿಷದಲ್ಲಿ ತಿನ್ನುತ್ತಿದ್ದುದನ್ನು ಇದು ರಾತ್ರಿಯೆಲ್ಲ ಹಂಚಿಕೊಂಡು ಉಣ್ಣುತ್ತದೆ. ಇದರ ಗಾಳಿ ಎರಡು-ಮೂರು ಮೊಳಕ್ಕಿಂತ ಆಚೆ ಮುಟ್ಟದೆಂಬುದನ್ನೂ ಹೇಳಬೇಕು. ನಾಲ್ವರು ಕುಳಿತು ಹರಟೆ ಹೊಡೆಯುವ ಪಡಸಾಲೆಗೆ ಇದು ಪ್ರಯೋಜನವಿಲ್ಲ.

ಕಟ್ಟುವುದರಲ್ಲಿ ಅವನು ತೋರಿದ ಜತನವು ನಮಗೆ ಮೆಚ್ಚಾಯಿತು. ಬ್ಯಾಟರಿಯ ಧನ ತುದಿಯ ಹತ್ತಿರದಲ್ಲಿಯೇ ಒಂದು ಚಿಕ್ಕ ಫ್ಯೂಜನ್ನು ಹಾಕಿದನು. ತಂತಿ ಎಲ್ಲಿಯಾದರೂ ಸವೆದು ಒಂದಕ್ಕೊಂದು ತಗುಲಿದರೆ ಬೆಂಕಿಯಾಗಬಾರದಲ್ಲವೇ? ಬ್ಯಾಟರಿಯು ತುಂಬುತ್ತಿರುವಾಗ ಅದರ ಒತ್ತಡವು 14 ವೋಲ್ಟನ್ನು ಮೀರುತ್ತದೆ. ಅದನ್ನು ಪಂಖಾ ತಡೆದೀತೇ ಎಂದು ಅದರ ಬೆನ್ನಿನ ಬರಹವನ್ನು ಓದಿ ತೋರಿಸಿದನು. ಮೊದಲ ಸಲ ಮಂಚದ ಹಲಗೆಗೆ ಬಿಗಿದಾಗ ಮೆಲ್ಲನೆಯ ಗುಂಯ್ ಸದ್ದು ಬಂದಿತು. ಪಂಖಾದ್ದಲ್ಲ, ಹಲಗೆಯದು, ಅದರ ನಡುಕವು ಕಟ್ಟಿಗೆಯನ್ನು ತಬಲಾ ಮಾಡಿತ್ತು. ಹಳೆಯ ಸೈಕಲ್ಲಿನ ಟ್ಯೂಬಿನ ತುಂಡೊಂದನ್ನು ನಡುವೆ ಸೇರಿಸಿದ ಕೂಡಲೇ ಸುಮ್ಮನಾಯಿತು. ಪಂಖಾ ಕೊಳ್ಳುವವರು ಪೇಟೆಯ ಗದ್ದಲದಲ್ಲಿ ಕಿವಿಗೊಟ್ಟು ಪ್ರಯೋಜನವಿಲ್ಲ. ಅಲ್ಲಿ ಎಲ್ಲವೂ ಸಾಧು. ಮರಳಿ ಕೊಡುವ ಮಾತನ್ನು ಮೊದಲೇ ಆಡಿ, ಮನೆಯಲ್ಲಿ ಮಂಚಕ್ಕೆ ಕಟ್ಟಿ ನಡುರಾತ್ರಿಯಲ್ಲಿ ಕೇಳಬೇಕು.

ತಾಯಿಯವರಿಗೆ ಮೊದಲು ನಂಬಿಕೆ ಬರಲಿಲ್ಲ. “ಇಷ್ಟ ಸಣ್ಣದು ಏನ ಗಾಳಿ ಕೊಟ್ಟೀತು?” ನಾವು ನಮ್ಮೂರಿನ ಮೊಸರಿನ ಗಡಿಗೆಯನ್ನು ತೋರಿಸಿದೆವು. ಬೋರಲು ಹಾಕಿದರೂ ಬೀಳದೆಂದು ಜನರಾಡಿಕೊಳ್ಳುವ ಕೊಲ್ಹಾರದ ಮೊಸರು ಇರುವುದು ಹಸಿಮಣ್ಣಿನ ಸೆಲೆಯನ್ನು ಬಿಡದ ಗಡಿಗೆಯಲ್ಲಿ. ಅದರ ಮೈಯಿಂದ ಒಸರಿದ ತೇವವು ಆರುತ್ತ ಒಳಗಿನದನ್ನು ತಂಪಾಗಿಡುತ್ತದೆ. ಪಂಖಾ ಗಾಳಿಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ. ಅದಕ್ಕೆ ಬಿರುಗಾಳಿ ಬೇಕಿಲ್ಲ. ನಮ್ಮ ಒಣ ಸೀಮೆಯಲ್ಲಿ ಮೆಲ್ಲನೆಯದೇ ಸಾಕು. ಹಗಲಿನ ಉರಿಬಿಸಿಲಿನಲ್ಲಿ ಗಾಳಿಯೇ ಮೈಗಿಂತ ಕಾದಿರುವಾಗ ಮಾತ್ರ ಹೆಗಲ ಮೇಲೊಂದು ಒದ್ದೆ ಅರಿವೆ ಬೇಕು. ಈ ಉಪನ್ಯಾಸವನ್ನು ಅವರು ಅರ್ಧಕ್ಕೇ ನಿಲ್ಲಿಸಿ, “ಹಚ್ಚು, ನೋಡೋಣು” ಎಂದರು.

ಅಂದು ರಾತ್ರಿ ನಮಗೆ ಎರಡು ಬಾರಿ ಎಚ್ಚರವಾಯಿತು. ಮೊದಲನೆಯ ಸಲ ಅವರ ಕೆಮ್ಮಿಗೆ. ಎರಡನೆಯ ಸಲ ಅವರು ಮೆಲ್ಲನೆ ಕರೆದರು, ಓಡಿಹೋದೆವು. “ಪಂಖಾ ಬಂದ ಮಾಡೀಯೇನೋ ತಮ್ಮಾ? ಸಪ್ಪಳಿಲ್ಲ” ಎಂದರು. ಅವರ ಕೈಯನ್ನು ಹಿಡಿದು ಅದರ ಮುಂದೆ ಒಡ್ಡಿದೆವು.

ಜುಲೈ ಕೊನೆಗೆ ಹುಡುಗನು ಮಲ್ಪೆಗೆ ಹೊರಟು ನಿಂತನು. ಮಳೆ ಹಿಡಿದಿತ್ತು, ಮನೆ ತಂಪಾಗಿತ್ತು. ತಾಯಿಯವರು ಪಂಖಾವನ್ನು ಬಿಚ್ಚಿಸಿ, ಅರಿವೆಯಿಂದ ಒರೆಸಿ, ಅವನ ಗಂಟಿನ ಮೇಲೆ ಇಟ್ಟರು. “ಒಯ್ಯೋ ಅಪ್ಪಾ, ಅಲ್ಲಿ ನಿನಗ ಸೆಕಿ ಆದೀತು.” ಅವನು ಹೂಂ ಎಂದನು. ಅವನನ್ನು ಬಸ್ಸಿಗೆ ಹತ್ತಿಸಿ ಬಂದು ನೋಡಿದರೆ ಪಂಖಾ ಮಂಚದ ಹಲಗೆಯ ಮೇಲೆಯೇ ಇತ್ತು, ಟ್ಯೂಬಿನ ತುಂಡಿನೊಡನೆ.