ಗಡಿಗೆಯ ಕಡೆಯಿಂದ

ನಾನು ಹುಚ್ಚು ಹಿಡಿಸಿಕೊಂಡು ಕೇಳಿದ ಬ್ಯಾಂಡು ಜೀವಮಾನದಲ್ಲಿ ಒಂದೇ: ಶಕ್ತಿ. ಬ್ಯಾಂಡು ಎಂದರೆ ದಿಬ್ಬಣದ ಮುಂದೆ ಕೆಂಪು ಕೋಟು ತೊಟ್ಟು ಊದುತ್ತಾ ನಡೆಯುವವರು ಎಂದೇ ತಿಳಿದಿದ್ದ ನಮ್ಮ ಮನೆಯಲ್ಲಿ ಇದನ್ನು ವಿವರಿಸುವುದು ಸುಲಭವಿರಲಿಲ್ಲ. ಡ್ರಮ್ ಸೆಟ್ ಇಲ್ಲ, ಕಿರುಚುವ ಗಾಯಕನಿಲ್ಲ, ನಾಲ್ವರೂ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಒಬ್ಬ ಮಾತ್ರ ಯಾರ್ಕ್‌ಶೈರಿನ ಬಿಳಿಯ, ಗಿಟಾರಿನ ಜಾನ್ ಮೆಕ್‌ಲಾಫ್ಲಿನ್. ಉಳಿದವರೆಲ್ಲ ನಮ್ಮ ಕಡೆಯವರು: ತಬಲಾಕ್ಕೆ ಜಾಕಿರ್ ಹುಸೇನ್, ಪಿಟೀಲಿಗೆ ಎಲ್. ಶಂಕರ್, ಘಟಕ್ಕೆ ವಿಕ್ಕು ವಿನಾಯಕರಾಮ್. “ಹಾಗಾದರೆ ಇದು ಕಚೇರಿ ಅನ್ನು, ಬ್ಯಾಂಡು ಅಂತ ಯಾಕೆ ಅಂತೀಯ?” ಎಂದು ಅಪ್ಪ ಕೇಳಿದ್ದರು. ಕಚೇರಿಯಲ್ಲ ಎಂದು ಗೊತ್ತಿತ್ತು. ಯಾಕಲ್ಲ ಎಂದು ಹೇಳಲು ಬರಲಿಲ್ಲ.

ನನಗೆ ಶಕ್ತಿ ಸಿಕ್ಕಿದ್ದು ಮೈಸೂರಿನ ಹಾಸ್ಟೆಲಿನಲ್ಲಿ, ಅರವತ್ತು ನಿಮಿಷದ ಟೇಪಿನಲ್ಲಿ. ಯಾರದೋ ಅಣ್ಣ ವಿದೇಶದಿಂದ ತಂದ ರೆಕಾರ್ಡು, ಅದರಿಂದ ಯಾರೋ ಇಳಿಸಿದ ಕ್ಯಾಸೆಟ್ಟು, ಅದರ ನಕಲಿನ ನಕಲು. 1975ರ ಜುಲೈ 5ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಸೌತ್‌ಹ್ಯಾಂಪ್ಟನ್ ಕಾಲೇಜಿನಲ್ಲಿ ನಡೆದ ಕಾರ್ಯಕ್ರಮದ ಮುದ್ರಣ ಅದು. ಮೊದಲನೆಯದು ‘ಜಾಯ್’, ಹದಿನೆಂಟು ನಿಮಿಷ. ಆಮೇಲೆ ಪುಟ್ಟದಾದ ‘ಲೋಟಸ್ ಫೀಟ್’. ಎರಡನೆಯ ಮಗ್ಗುಲಿನ ತುಂಬ ಒಂದೇ ಕೃತಿ, ಇಪ್ಪತ್ತೊಂಬತ್ತು ನಿಮಿಷ. ಅದರ ಹೆಸರೋ ಒಂದು ಪ್ಯಾರಾದಷ್ಟು ಉದ್ದ, ಹಾಸ್ಟೆಲಿನಲ್ಲಿ ನಾವು ಅದನ್ನು ‘ದೊಡ್ಡದು’ ಎಂದಷ್ಟೇ ಕರೆಯುತ್ತಿದ್ದೆವು. ಮೊದಲ ಮಗ್ಗುಲಲ್ಲಿ ಏಳು ನಿಮಿಷದಷ್ಟು ಟೇಪು ಉಳಿದಿತ್ತಲ್ಲ, ನಕಲು ಮಾಡಿದ ಪುಣ್ಯಾತ್ಮ ಅದು ದಂಡವಾಗಬಾರದೆಂದು ರಾಜನ್–ನಾಗೇಂದ್ರರ ಒಂದು ಪ್ರೇಮಗೀತೆ ತುಂಬಿಸಿದ್ದ. ಹೀಗಾಗಿ ‘ಲೋಟಸ್ ಫೀಟ್’ ಮುಗಿದೊಡನೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡತೊಡಗುವುದೇ ಶಕ್ತಿಯ ಪದ್ಧತಿ ಎಂದು ನನ್ನ ಕಿವಿ ಇವತ್ತಿಗೂ ನಂಬಿಕೊಂಡಿದೆ.

‘ಜಾಯ್’ನಲ್ಲಿ ಗಿಟಾರೂ ಪಿಟೀಲೂ ಒಂದೇ ಸ್ವರಸಾಲನ್ನು ಉಸಿರು ಬಿಡದೆ ಜೊತೆಯಾಗಿ ಓಡಿಸುತ್ತವೆ. ಆ ಓಟವೇ ನಮಗೆ ಹಿಡಿಸಿದ್ದು, ಸುಳ್ಳೇಕೆ ಹೇಳಲಿ. ಇಪ್ಪತ್ತರ ಆಸುಪಾಸಿನ ಹುಡುಗರಿಗೆ ವೇಗಕ್ಕಿಂತ ದೊಡ್ಡ ರಸ ಯಾವುದಿದೆ? ಜಾಕಿರರಿಗೆ ಆಗ ಇಪ್ಪತ್ತನಾಲ್ಕು, ಶಂಕರರಿಗೆ ಇಪ್ಪತ್ತೈದು. ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ ಎಂಬ ಎರಡನೆಯ ಆಲ್ಬಮ್ ಕೈಗೆ ಬಂದ ಮೇಲಂತೂ ಹುಚ್ಚು ನೆತ್ತಿಗೇರಿತು. ಅದರ ಮೊದಲ ಕೃತಿ ‘ಲಾ ದಾನ್ಸ್ ದ್ಯು ಬೊನೂರ್’ ಶುರುವಾಗುವುದೇ ಕೊನ್ನಕ್ಕೋಲಿನಿಂದ. ವಾದ್ಯವಿಲ್ಲ, ಬರೀ ಬಾಯಲ್ಲಿ ಸೊಲ್ಲುಕಟ್ಟು. ತಕಧಿಮಿ ತಕಜಣುಗಳನ್ನು ದೇವಸ್ಥಾನದಲ್ಲೋ ಭರತನಾಟ್ಯದ ತರಗತಿಯಲ್ಲೋ ಕೇಳಿ ‘ಇದೆಲ್ಲ ಹಳೆಯವರದು’ ಎಂದು ಬದಿಗಿಟ್ಟಿದ್ದ ನಾವು, ಲಂಡನ್ನಿನ ಸ್ಟುಡಿಯೋದಿಂದ ಬಂದ ಅದೇ ತಕಧಿಮಿಯನ್ನು ಬಾಯಿಪಾಠ ಮಾಡಲು ಮೆಸ್ಸಿನ ಸಾಲಿನಲ್ಲಿ ನಿಂತೇ ತೊಡೆ ತಟ್ಟಿಕೊಂಡೆವು. ಈಗ ನೆನೆದರೆ ನಗು ಬರುತ್ತದೆ, ಆದರೆ ತಾಳ ಹಾಕುವ ಚಟ ನನಗೆ ಅಂಟಿದ್ದು ಅಲ್ಲೇ. ಬಸ್ಸಿನ ಸರಳಿನ ಮೇಲೆ, ಮೀಟಿಂಗಿನ ಮೇಜಿನ ಅಡಿಯಲ್ಲಿ, ನಿದ್ದೆ ಬಾರದ ರಾತ್ರಿ ಮಂಚದ ಪಟ್ಟಿಯ ಮೇಲೆ.

ಆ ಗಿಟಾರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೆಕ್‌ಲಾಫ್ಲಿನ್ ಅದಕ್ಕೆ ಮುಂಚೆ ಮಹಾವಿಷ್ಣು ಆರ್ಕೆಸ್ಟ್ರಾ ಎಂಬ, ಆಂಪ್ಲಿಫೈಯರುಗಳ ಅಬ್ಬರದ ವಾದ್ಯವೃಂದ ಕಟ್ಟಿದವರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು. ಶಂಕರ್ ಕೂಡ ಅಲ್ಲೇ ಇದ್ದರು. ಆದರೆ ವೀಣೆಯ ತಂತಿಯನ್ನು ಎಳೆದು ಹೊರಡಿಸುವ ಗಮಕ ಗಿಟಾರಿನಲ್ಲಿ ಬರಬೇಕಲ್ಲ? ಏಬ್ ವೆಕ್ಟರ್ ಎಂಬ ಕುಶಲಕರ್ಮಿ ಗಿಬ್ಸನ್ ಕಂಪನಿಗಾಗಿ ಒಂದು ಗಿಟಾರು ಮಾಡಿಕೊಟ್ಟರು. ಮೆಟ್ಟಿಲುಗಳ ನಡುವಿನ ಮರವನ್ನು ಬಟ್ಟಲಿನಂತೆ ಕೊರೆದು ತಗ್ಗು ಮಾಡಿದ್ದು, ಬೆರಳು ಮರಕ್ಕೆ ತಾಗದೆ ತಂತಿ ಆಳಕ್ಕೆ ಬಾಗಲಿ, ಸ್ವರ ಜಾರಲಿ ಎಂದು. ಮುಖ್ಯ ತಂತಿಗಳ ಕೆಳಗೆ ಅಡ್ಡಲಾಗಿ ಶ್ರುತಿಗೆಂದೇ ಇನ್ನೂ ಏಳು ತಂತಿ. ಗಿಟಾರಿನೊಳಗೇ ಒಂದು ತಂಬೂರಿ ಇಟ್ಟಂತಾಯಿತು. ಇದನ್ನು ಓದಿ ತಿಳಿದ ಮೇಲೆ ಟೇಪಿನ ಕರಕರದ ನಡುವೆ ಆ ಏಳು ತಂತಿಗಳನ್ನೇ ಹುಡುಕಿ ಹುಡುಕಿ ಕೇಳಿದ್ದೇನೆ. ಕೇಳಿತೋ, ಕೇಳಿತೆಂದುಕೊಂಡೆನೋ.

ಅಪ್ಪನನ್ನು ಒಲಿಸಿಕೊಳ್ಳಲು ನನಗೆ ಕೊನೆಗೂ ಒಂದು ಅಸ್ತ್ರ ಸಿಕ್ಕಿತ್ತು. ಶಂಕರರ ಅಣ್ಣ ಎಲ್. ವೈದ್ಯನಾಥನ್, ಶಂಕರನಾಗರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಸಂಗೀತ ಕೊಟ್ಟವರು. ಆ ಶೀರ್ಷಿಕೆಯ ರಾಗ ಗುನುಗದ ಕನ್ನಡಿಗ ಯಾರಿದ್ದಾರೆ? “ಓಹೋ, ಮಾಲ್ಗುಡಿಯವರ ತಮ್ಮನೋ” ಎಂದ ಮೇಲೆ ಅಪ್ಪ ಶಕ್ತಿಗೆ ಸ್ವಲ್ಪ ಮರ್ಯಾದೆ ಕೊಡತೊಡಗಿದರು.

ಇಷ್ಟೆಲ್ಲ ಇದ್ದದ್ದು ಹೇಗೆ ಹೋಯಿತು? ಒಂದು ದಿನ ಹೋದದ್ದಲ್ಲ. ಮೊದಲು ‘ದೊಡ್ಡದು’ ಕೇಳುವುದು ಬಿಟ್ಟುಹೋಯಿತು, ಪುರುಸೊತ್ತಿಲ್ಲ ಎಂಬ ನೆಪ. ಆಮೇಲೆ ‘ಜಾಯ್’ ಹಾಕಿ ಅರ್ಧಕ್ಕೆ ನಿಲ್ಲಿಸುವುದು. ಗಿಟಾರು ಕೇಳುತ್ತದೆ, ಪಿಟೀಲು ಉತ್ತರಿಸುತ್ತದೆ, ಪ್ರಶ್ನೆ ಚಿಕ್ಕದಾಗುತ್ತದೆ, ಉತ್ತರ ಚಿಕ್ಕದಾಗುತ್ತದೆ, ಇಬ್ಬರೂ ಒಟ್ಟಿಗೆ ಬಿದ್ದಾಗ ಚಪ್ಪಾಳೆ. ಚಪ್ಪಾಳೆ ಎಲ್ಲಿ ಬರುತ್ತದೆಂದು ಮೊದಲೇ ಗೊತ್ತಿದ್ದ ಮೇಲೆ ಕೇಳುವುದೇನು ಉಳಿಯಿತು! ಅಷ್ಟು ಹೊತ್ತಿಗೆ ಬೆಂಗಳೂರಿಗೆ ಬಂದಿದ್ದೆ, ಮತ್ತು ಫ್ಯೂಷನ್ ಎಂಬ ಪದಾರ್ಥ ಊರಿನ ತುಂಬ ಹರಡಿತ್ತು. ಹೋಟೆಲಿನ ಲಾಬಿಯಲ್ಲಿ, ಕಂಪನಿಯ ವಾರ್ಷಿಕೋತ್ಸವದಲ್ಲಿ, ಆರತಕ್ಷತೆಯಲ್ಲಿ ಕೊಳಲು, ಕೀಬೋರ್ಡು, ತಬಲಾ, ಒಂದು ಬೇಸ್ ಗಿಟಾರು. ಎಲ್ಲರೂ ಹಂಸಧ್ವನಿಯನ್ನೇ ನುಡಿಸುತ್ತಿದ್ದರು, ಪಾಪ, ಹಂಸಧ್ವನಿ. ಮಕ್ಕಳು ಮೊಮ್ಮಕ್ಕಳು ಮಾಡಿದ ಗಲಾಟೆಗೆ ನಾನು ತಾತನ ಮೇಲೆ ಮುನಿಸಿಕೊಂಡೆ. ನ್ಯಾಯವಲ್ಲ, ಆದರೆ ಕಿವಿ ನ್ಯಾಯಾಧೀಶನಲ್ಲವಲ್ಲ.

ಹೆಸರು ಕೆಡಿಸುವ ಫ್ಯೂಷನ್ನೇ ಎಲ್ಲ ಕಡೆ ಇತ್ತೆಂದರೆ ತಪ್ಪಾಗುತ್ತದೆ. ಇದೇ ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲೇ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ‘ಜ್ಯೋತಿ’ ಎಂಬ ಆಲ್ಬಮ್ ಮಾಡಿತ್ತು, ಇಸಿಎಂ ಕಂಪನಿಗೆ, 1983ರಲ್ಲಿ. ಆರ್.ಎ. ರಮಾಮಣಿಯವರ ಕಂಠ, ಕೆಳಗೆ ತಾಳವಾದ್ಯ, ನಡುವೆ ಆ ಸ್ಯಾಕ್ಸೊಫೋನ್. ಆತುರವೇ ಇಲ್ಲದ ಸಂಗೀತ. ನಮ್ಮೂರಿನವರದೇ ಎಂಬ ಅಭಿಮಾನ ಬದಿಗಿಟ್ಟು ಹೇಳಿದರೂ ಅದು ಸಿಗಬೇಕಾದಷ್ಟು ಕಿವಿಗಳನ್ನು ಪಡೆಯಲಿಲ್ಲ. ಮನೆಯ ಮಾವಿನಹಣ್ಣು ನಮಗೆ ಹುಳಿ.

ಶಕ್ತಿಯಿಂದ ದೂರವಾಗಲು ಇನ್ನೊಂದು ಕಾರಣವೂ ಇತ್ತು, ಅದು ಒಳ್ಳೆಯ ಕಾರಣ. ಧಾರವಾಡದ ಕಡೆಯ ಸ್ನೇಹಿತನೊಬ್ಬ ಮಲ್ಲಿಕಾರ್ಜುನ ಮನ್ಸೂರರನ್ನು ಹಚ್ಚಿಸಿದ. ಮನ್ಸೂರರು ಒಂದು ರಾಗವನ್ನು ಎತ್ತಿಕೊಂಡು ಅದರೊಳಗೇ ಇದ್ದುಬಿಡುವ ರೀತಿ ಗೊತ್ತಾದ ಮೇಲೆ, ಶಕ್ತಿಯವರು ರಾಗದ ಬಾಗಿಲು ತಟ್ಟಿ ಓಡಿಹೋಗುವ ಹುಡುಗರಂತೆ ಕಂಡರು. ಸ್ನೇಹಿತನಂತೂ ‘ನಿನ್ನ ಗಿಟಾರಿನವ’ ಎಂದೇ ಮೆಕ್‌ಲಾಫ್ಲಿನ್ನರನ್ನು ಕರೆಯುತ್ತಿದ್ದುದು. ನಾನು ಪ್ರತಿಭಟಿಸುವುದನ್ನು ನಿಲ್ಲಿಸಿದೆ. 1997ರಲ್ಲಿ ‘ರಿಮೆಂಬರ್ ಶಕ್ತಿ’ ಎಂದು ಹೆಸರಿಟ್ಟುಕೊಂಡು ಅವರು ಮತ್ತೆ ಸೇರಿದರು, ಮುಂದೆ ಮ್ಯಾಂಡೊಲಿನ್ ಶ್ರೀನಿವಾಸ್ ಬಂದರು, ವಿಕ್ಕು ಅವರ ಮಗ ಸೆಲ್ವಗಣೇಶ್ ಖಂಜಿರ ಹಿಡಿದು ಬಂದರು, ಶಂಕರ್ ಮಹಾದೇವನ್ ಬಂದರು. ನಾನು ಮಾತ್ರ ಹೋಗಲಿಲ್ಲ, ಕೇಳಲೂ ಇಲ್ಲ. 2023ರ ಜನವರಿಯಲ್ಲಿ ಐವತ್ತರ ಸಂಭ್ರಮವೆಂದು ಬೆಂಗಳೂರಿಗೇ ಬಂದರೂ ಟಿಕೆಟ್ಟಿನ ಬೆಲೆ ನೋಡಿ, ಈ ದುಡ್ಡಿಗೆ ನೆನಪು ಕೊಳ್ಳುವ ವಯಸ್ಸು ಇನ್ನೂ ಬಂದಿಲ್ಲ ಎಂದುಕೊಂಡೆ.

ಮತ್ತೆ ದಾರಿ ತೋರಿಸಿದ್ದು ಗಿಟಾರಲ್ಲ, ಒಂದು ಮಡಕೆ. ಸರಿಯಾಗಿ ಹೇಳಬೇಕೆಂದರೆ ಹಲವು ಮಡಕೆಗಳು. ಬೆಂಗಳೂರಿನ ಒಂದು ಸಂಜೆಯ ಕಾರ್ಯಕ್ರಮದಲ್ಲಿ ಸುಕನ್ಯಾ ರಾಮಗೋಪಾಲ್ ಅವರ ಘಟತರಂಗ ಕೇಳಿದೆ. ವಿಕ್ಕು ಅವರ ತಂದೆ ಹರಿಹರ ಶರ್ಮ, ಆಮೇಲೆ ವಿಕ್ಕು, ಇವರಿಬ್ಬರ ಬಳಿ ಕಲಿತವರು ಸುಕನ್ಯಾ. ಹೆಂಗಸಿಗೆ ಘಟ ಯಾಕೆ ಎನ್ನುತ್ತಿದ್ದ ಕಾಲದಲ್ಲಿ ಅದನ್ನು ಮಡಿಲಿಗೆ ಎತ್ತಿಕೊಂಡವರು. ಘಟದ ಶ್ರುತಿಯನ್ನು ಮೃದಂಗದಂತೆ ಏರಿಸಿ ಇಳಿಸುವ ಹಾಗಿಲ್ಲ, ಆವಿಗೆಯಿಂದ ಬಂದ ಶ್ರುತಿಯೇ ಅದರ ಹಣೆಬರಹ. ಆದ್ದರಿಂದ ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ಅವುಗಳಲ್ಲಿ ಸ್ವರ ಹುಡುಕುತ್ತಾರೆ. ಆದರೆ ನನ್ನ ಮೈ ಜುಮ್ಮೆಂದದ್ದು ಸ್ವರಕ್ಕಲ್ಲ. ನಡುವೆ ಒಂದೇ ಘಟವನ್ನು ತೆಗೆದುಕೊಂಡು, ಯಾವ ಕಸರತ್ತೂ ಇಲ್ಲದೆ, ಸುಮ್ಮನೆ ನಡೆಸಿದರು. ಬೆರಳ ತುದಿ ಕಂಠದ ಹತ್ತಿರ, ಅಂಗೈ ಒಡಲ ಮೇಲೆ, ಆಗೊಮ್ಮೆ ಈಗೊಮ್ಮೆ ಬಾಯಿಯನ್ನು ಹೊಟ್ಟೆಗೆ ಒತ್ತಿ ಬಿಟ್ಟಾಗ ಒಳಗಿನ ಗಾಳಿಯ ಗುಮ್ಮೆನ್ನುವ ಸದ್ದು. ಈ ನಡೆ ನನಗೆ ಗೊತ್ತು, ಎಲ್ಲೋ ಕೇಳಿದ್ದೇನೆ ಎನ್ನಿಸಿತು. ಮನೆ ತಲುಪುವ ಮುಂಚೆ, ಮೆಟ್ರೋದಲ್ಲೇ, ಇಯರ್‌ಫೋನ್ ಸಿಕ್ಕಿಸಿ ‘ಜಾಯ್’ ಹಾಕಿದೆ.

ಮೃದಂಗದವರು ಎರಡು ಮಾತು ಹೇಳುತ್ತಾರೆ: ಕಣಕ್ಕು ಮತ್ತು ಸರ್ವಲಘು. ಕಣಕ್ಕು ಎಂದರೆ ಲೆಕ್ಕ. ಮೋರಾ, ಕೋರ್ವೆ, ಐದು ಏಳುಗಳ ಜೋಡಣೆ, ಎಲ್ಲ ಸುತ್ತಿ ಸಮಕ್ಕೆ ತಂದು ಇಳಿಸುವ ಜಾಣ್ಮೆ. ಸರ್ವಲಘು ಎಂದರೆ ಲೆಕ್ಕದ ಹಂಗಿಲ್ಲದೆ ತಾಳದೊಡನೆ ಹರಿಯುವ ಸರಳ ನಡೆ. ಚಪ್ಪಾಳೆ ಬೀಳುವುದು ಕಣಕ್ಕಿಗೆ. ಕಚೇರಿ ನಿಂತಿರುವುದು ಸರ್ವಲಘುವಿನ ಮೇಲೆ, ಎಂದು ಹಿರಿಯರು ಹೇಳಿದಾಗ ಸೋಮಾರಿಗಳ ಸಮರ್ಥನೆ ಎಂದುಕೊಂಡಿದ್ದೆ. ಹಾಸ್ಟೆಲಿನಲ್ಲಿ ನಾನು ಕೇಳಿದ್ದೆಲ್ಲ ಶಕ್ತಿಯ ಕಣಕ್ಕು. ಮೇಲೆ ಓಡುವ ಗಿಟಾರು, ಪಿಟೀಲು, ಅವರು ಬೀಳುವ ಜಾಗ. ಬೇಸರವಾದದ್ದೂ ಅದೇ.

ಈ ಸಲ ಕೆಳಗಿನಿಂದ ಕೇಳಿದೆ, ಗಡಿಗೆಯ ಕಡೆಯಿಂದ. ಗಿಟಾರು ಎಲ್ಲಿಗಾದರೂ ಹೋಗಲಿ ಎಂದು ಬಿಟ್ಟು ವಿಕ್ಕು ಒಬ್ಬರನ್ನೇ ಹಿಡಿದುಕೊಂಡೆ. ಶಂಕರ್ ಮೇಲುಸ್ಥಾಯಿಯಲ್ಲಿ ಕಿಡಿ ಹಾರಿಸುತ್ತಿರುವಾಗ ಆ ಘಟ ಎಷ್ಟು ತಣ್ಣಗೆ ನಡೆಯುತ್ತಿರುತ್ತದೆ! ತಬಲಾದ ಡಗ್ಗ ಗುಂಯ್‌ಗುಟ್ಟಿದಲ್ಲಿ ಘಟ ತನ್ನ ಗುಮ್ಮನ್ನು ತಡೆದುಕೊಳ್ಳುತ್ತದೆ. ಡಗ್ಗ ಸುಮ್ಮನಾದರೆ ತಾನು ತುಂಬುತ್ತದೆ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಘಟ ಉಪಪಕ್ಕವಾದ್ಯ, ಮೃದಂಗದ ಹಿಂದೆ ಕೂತು, ತನಿ ಆವರ್ತನದಲ್ಲಿ ಸರದಿ ಬರುವವರೆಗೆ ಕಾಯುವಂಥದ್ದು. ಮೊದಲ ಆಲ್ಬಮ್ಮಿನಲ್ಲಿ ಆರ್. ರಾಘವನ್ ಅವರ ಮೃದಂಗವಿದೆ, ಆಮೇಲೆ ಅದೂ ಇಲ್ಲ. ದಕ್ಷಿಣದ ತಾಳದ ಭಾರವೆಲ್ಲ ಆ ಮಡಕೆಯ ಮೇಲೆ. ಉತ್ತರದ ತಬಲಾ ಪಕ್ಕದಲ್ಲಿ ಅದು ಸರಿಸಮ ಕೂತಿದೆ, ಯಾರಿಗೂ ಕಾಯುತ್ತಿಲ್ಲ. ನನ್ನ ಸ್ಟೇಷನ್ ದಾಟಿಹೋಗಿ ಮುಂದಿನದರಲ್ಲಿ ಇಳಿದೆ. ಬಯ್ದುಕೊಳ್ಳುವಷ್ಟು ಕೋಪವೂ ಬರಲಿಲ್ಲ.

ಆಮೇಲೆ ‘ದೊಡ್ಡದು’ ಕೇಳಿದೆ, ಇಪ್ಪತ್ತೊಂಬತ್ತು ನಿಮಿಷವೂ. ವಿಮಾನ ನಿಲ್ದಾಣದ ಸಂಗೀತ ಎಂದು ತಳ್ಳಿಹಾಕಿದ್ದ ‘ಲೋಟಸ್ ಫೀಟ್’ ಕೇಳಿದೆ. ಅದರಲ್ಲಿ ಯಾರೂ ಯಾರನ್ನೂ ಗೆಲ್ಲಲು ಹೊರಟಿಲ್ಲ. ಮನ್ಸೂರರನ್ನು ಕೇಳಿದ ಕಿವಿಗೆ ಇದು ರುಚಿಸಬಾರದಿತ್ತು. ಆ ಕಿವಿಗೇ ಇದು ಚೆನ್ನಾಗಿ ರುಚಿಸಿತು ಎಂಬುದು ಸ್ನೇಹಿತನಿಗೆ ಹೇಳಲಾರದ ಸಂಗತಿ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.

ಇದೆಲ್ಲ ಜಾಕಿರ್ ಹೋಗುವುದಕ್ಕೆ ಮುಂಚಿನ ಮಾತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಎಲ್ಲರ ಮೊಬೈಲಿನಲ್ಲೂ ಅವರ ಗುಂಗುರು ಕೂದಲು ಹಾರಾಡಿತು, ಎಲ್ಲರೂ ತಬಲಾ ರಸಿಕರಾದರು. ಸಾವು ಹುಟ್ಟಿಸುವ ಅಭಿಮಾನದ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ, ನನ್ನದರ ಮೇಲೂ ಇರುತ್ತಿರಲಿಲ್ಲ. ಮೊದಲೇ ಮರಳಿದ್ದೆನಲ್ಲ ಎಂದು ಆ ವಾರ ಒಳಗೊಳಗೇ ಸಣ್ಣ ಸಮಾಧಾನ ಪಟ್ಟುಕೊಂಡೆ.

ಹಾಗೆಂದು ಎಲ್ಲವೂ ಮರಳಿ ಬಂದಿಲ್ಲ. ಮೂರನೆಯ ಆಲ್ಬಮ್ ‘ನ್ಯಾಚುರಲ್ ಎಲಿಮೆಂಟ್ಸ್’ ಜೊತೆ ಇನ್ನೂ ರಾಜಿಯಾಗಿಲ್ಲ. ರೇಡಿಯೋದವರಿಗೆ ಅನುಕೂಲವಾಗಲೆಂದು ಕತ್ತರಿಸಿದಂತಿರುವ ಪುಟ್ಟ ಪುಟ್ಟ ತುಣುಕುಗಳು. ಕೂತು ಎಲೆ ಹಾಸುವಷ್ಟರಲ್ಲಿ ಊಟ ಮುಗಿಯುತ್ತದೆ. 2023ರಲ್ಲಿ ಬಂದು ಮುಂದಿನ ವರ್ಷ ಗ್ರ್ಯಾಮಿ ಗೆದ್ದ ‘ದಿಸ್ ಮೊಮೆಂಟ್’ನಲ್ಲಿ ಗಣೇಶ್ ರಾಜಗೋಪಾಲನ್ ಅವರ ಪಿಟೀಲು ಹಿಡಿಸಿತು, ಸ್ಟುಡಿಯೋದ ಅತಿಯಾದ ಹೊಳಪು ಹಿಡಿಸಲಿಲ್ಲ. ಪ್ರಶಸ್ತಿ ಬಂದ ಮಾತ್ರಕ್ಕೆ ಮಾತು ನುಂಗಬೇಕೆಂದೇನೂ ಇಲ್ಲ.

ಬಿಟ್ಟಿದ್ದ ವರ್ಷಗಳಿಂದ ಒಂದು ಲಾಭವಾಗಿದೆ: ಆ ಕಾಲದ ಶಕ್ತಿಯೆಲ್ಲ ನನಗೆ ಕೇಳದೆ ಉಳಿದ ಸಂಗೀತ. 2014ರಲ್ಲಿ, ನಲವತ್ತೈದಕ್ಕೇ ಹೊರಟುಹೋದ ಶ್ರೀನಿವಾಸ್ ಅಲ್ಲಿದ್ದಾರೆ. ಎಂಟು ತಂತಿಯ ಮ್ಯಾಂಡೊಲಿನ್ನನ್ನು ಐದು ತಂತಿಗೆ ಇಳಿಸಿ, ವಿದ್ಯುತ್ತು ಹಾಯಿಸಿ, ಕಾಂಭೋಜಿಯ ಗಮಕ ಹೊರಡಿಸಿದವರು. ಮುಂಬಯಿಯಲ್ಲಿ ಮುದ್ರಿಸಿದ ‘ಸ್ಯಾಟರ್ಡೇ ನೈಟ್ ಇನ್ ಬಾಂಬೆ’ಯಿಂದ ಶುರುಮಾಡಿದ್ದೇನೆ. ಅದರಲ್ಲಿ ಖಂಜಿರ ವಿಕ್ಕು ಅವರ ಮಗನದು. ಅಪ್ಪನ ಘಟದ ನಡೆ ಆ ಅಂಗೈಯಗಲದ ಚರ್ಮದೊಳಗೆ ಎಲ್ಲಿ ಇಳಿದಿದೆ ಎಂದು ಸದ್ಯ ಹುಡುಕುತ್ತಿದ್ದೇನೆ. ಮೆಟ್ರೋದಲ್ಲಿ ಮಾತ್ರ ಹಾಕಿಕೊಳ್ಳುವುದಿಲ್ಲ.