ಅಪ್ಪನ ಹ್ಯಾಂಡ್ ಗೇರು

ನಮ್ಮ ಮನೆಯ ಅಂಬಾಸಿಡರ್ ಕಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದದ್ದು ಅದರ ಗೇರಿನ ಗುಂಡು. ಸ್ಟೇರಿಂಗ್ ಕಂಬದಿಂದ ಎಡಕ್ಕೆ ಚಾಚಿಕೊಂಡ ಒಂದು ತೆಳು ಕಬ್ಬಿಣದ ಕಡ್ಡಿ, ಅದರ ತುದಿಗೆ ನೆಲ್ಲಿಕಾಯಿ ಗಾತ್ರದ ಕಪ್ಪು ಗುಂಡು. ಅಪ್ಪನ ಅಂಗೈ 30 ವರ್ಷಕ್ಕೂ ಹೆಚ್ಚು ಕಾಲ ಅದನ್ನು ಉಜ್ಜಿ ಉಜ್ಜಿ ಹೊಳೆಯ ಕಲ್ಲಿನ ಹಾಗೆ ನುಣುಪಾಗಿಸಿತ್ತು. ಬಣ್ಣ ಮಾಸಿತ್ತು, ಸೀಟಿನ ಹೊಲಿಗೆ ಬಿಟ್ಟಿತ್ತು, ಬಂಪರಿನ ಬೆಳ್ಳಿ ಹೊಳಪು ಮಲೆನಾಡಿನ ಮಳೆಗೆ ತೊಳೆದುಹೋಗಿತ್ತು. ಗುಂಡು ಮಾತ್ರ ದಿನ ಕಳೆದಂತೆ ಇನ್ನಷ್ಟು ಹೊಳೆಯುತ್ತಿತ್ತು.

1976ರ ಮಾಡೆಲ್, ಮಾರ್ಕ್ 3. ಅಪ್ಪ ಅದನ್ನು 1984ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ತೀರ್ಥಹಳ್ಳಿಯಲ್ಲಿ ಬಾಡಿಗೆಗೆ ಓಡಿಸುತ್ತಿದ್ದರು. ಮದುವೆ, ಬಾಣಂತನ, ಆಸ್ಪತ್ರೆ, ಕೋರ್ಟು, ಧರ್ಮಸ್ಥಳ, ಶೃಂಗೇರಿ. ಸುತ್ತಿನ ಹತ್ತೂರಿನ ಸುಖದುಃಖಗಳೆಲ್ಲ ಅದರ ಹಿಂದಿನ ಸೀಟಿನಲ್ಲಿ ಕೂತು ಹೋಗಿವೆ.

ಈಗಿನವರಿಗೆ ಹ್ಯಾಂಡ್ ಗೇರು ಅಂದರೆ ಏನೆಂದು ಹೇಳಬೇಕಾಗುತ್ತದೆ. ಅದರಲ್ಲಿ ಗೇರಿನ ಕೋಲು ನೆಲದಿಂದ ಎದ್ದು ನಿಂತಿರುವುದಿಲ್ಲ, ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತದೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ದೊಡ್ಡ ಕಾರುಗಳಲ್ಲಿ ಈ ಪದ್ಧತಿ ಹರಡಿತು. ಕೋಲು ನೆಲದಿಂದ ಮೇಲೇರಿದರೆ ಮುಂದಿನ ಸೀಟು ಉದ್ದನೆಯ ಬೆಂಚಾಗುತ್ತದೆ, ಇಬ್ಬರು ಕೂರುವಲ್ಲಿ ಮೂವರು ಕೂರಬಹುದು. ಅಲ್ಲಿನವು ಹೆಚ್ಚಾಗಿ ಮೂರೇ ಗೇರಿನವು, ಅದಕ್ಕೇ ಜನ ಅದನ್ನು ತಮಾಷೆಗೆ ‘ಮರದ ಮೇಲಿನ ಮೂರು’ ಎಂದು ಕರೆಯುತ್ತಿದ್ದರು. ನಮ್ಮ ಅಂಬಾಸಿಡರಿಗೆ ನಾಲ್ಕು ಗೇರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚನ್ನು ತಂದು, ಕೋಲ್ಕತ್ತಾದ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಮಾಡಿದ ಕಾರು ಅದು. ನಮ್ಮದರ ಎಂಜಿನ್ನು 1489 ಸಿಸಿ. ಎಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ, ಸೀಟ್ ಬೆಲ್ಟ್ ಇಲ್ಲ, ರೇಡಿಯೋ ಕೂಡ ಇಲ್ಲ. ಹೆಡ್‌ಲೈಟನ್ನು ಡಿಮ್ ಮಾಡುವ ಗುಂಡಿ ಎಡಗಾಲಿನ ಬಳಿ ನೆಲದಲ್ಲಿ. ಕಾರಿಗೆ ಬೇಕಾದದ್ದು ಮಾತ್ರ ಇತ್ತು, ಅದಕ್ಕಿಂತ ಒಂದು ತಿರುಪು ಹೆಚ್ಚಿರಲಿಲ್ಲ.

ಆ ನಾಲ್ಕು ಗೇರುಗಳ ಲೆಕ್ಕ ಹೀಗೆ. ಕೋಲನ್ನು ನಮ್ಮ ಕಡೆಗೆ, ಅಂದರೆ ಸ್ಟೇರಿಂಗಿನ ಕಡೆಗೆ, ಎಳೆದು ಹಿಡಿದು ಮೇಲಕ್ಕೆತ್ತಿದರೆ ಒಂದು, ಕೆಳಕ್ಕಿಳಿಸಿದರೆ ಎರಡು. ಎಳೆಯದೆ ಸುಮ್ಮನೆ ಮೇಲಕ್ಕೆತ್ತಿದರೆ ಮೂರು, ಕೆಳಕ್ಕೆ ನಾಲ್ಕು. ಒಳಗಿನ ಸ್ಪ್ರಿಂಗು ಕೋಲನ್ನು ಯಾವಾಗಲೂ ಮೂರು-ನಾಲ್ಕರ ಸಾಲಿಗೇ ತಳ್ಳಿಕೊಂಡಿರುತ್ತದೆ. ಒಂದಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಎರಡು ಬೆರಳಿನ ಒಂದು ಸಣ್ಣ ಎಳೆತ, ಅಷ್ಟೆ.

ಈ ‘ಅಷ್ಟೆ’ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

1993ರ ಜುಲೈ. ನಾನು ಎರಡನೇ ಪಿಯುಸಿ. ಅಪ್ಪ ಕಾರನ್ನು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಲ್ಲಿಸಿ ಯಾವುದೋ ಸಾಮಾನು ತರಲು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದವರು, ಮಳೆಗೆ ರಾತ್ರಿ ಅಲ್ಲೇ ಉಳಿದಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಅಮ್ಮನಿಗೆ ಉಬ್ಬಸ ಏರಿತು. ಮೊದಲೂ ಬರುತ್ತಿತ್ತು, ಆದರೆ ಆ ರಾತ್ರಿಯದು ಬೇರೆ. ಅಮ್ಮ ಕಂಬ ಹಿಡಿದು ಕೂತಿದ್ದಳು. ಮಾತಾಡಲು ಆಗುತ್ತಿರಲಿಲ್ಲ, ಉಗುರು ನೀಲಿಯಾಗುತ್ತಿತ್ತು. ತಮ್ಮನಿಗೆ ಆಗ 15. ಅವನು ಲಾಟೀನು ಹಿಡಿದು, ಗದ್ದೆಯಾಚೆಯ ಮನೆಯವರ ಜೀಪು ಕರೆಯಲು ಓಡಿದ.

ನಾನು ಕಾರಿನ ಕೀಲಿ ತೆಗೆದುಕೊಂಡೆ. ಅಪ್ಪನ ಪಕ್ಕದಲ್ಲಿ ಎಷ್ಟೋ ಸಲ ಕೂತಿದ್ದೆನಲ್ಲ, ಎಲ್ಲ ನೋಡಿದ್ದೆ. ಚೋಕ್ ಎಳೆದೆ, ಕಾರು ಸ್ಟಾರ್ಟೂ ಆಯಿತು. ಕ್ಲಚ್ಚು ಒತ್ತಿ, ಅಪ್ಪ ಮಾಡುವ ಹಾಗೆಯೇ ಕೋಲನ್ನು ಮೇಲಕ್ಕೆತ್ತಿದೆ. ಕ್ಲಚ್ಚು ಬಿಟ್ಟ ಕೂಡಲೇ ಕಾರು ಒಮ್ಮೆ ಕುಪ್ಪಳಿಸಿ ಸತ್ತುಹೋಯಿತು. ಮತ್ತೆ ಸ್ಟಾರ್ಟು, ಮತ್ತೆ ಮೇಲಕ್ಕೆ, ಮತ್ತೆ ಕುಪ್ಪಳಿಕೆ. ಆರೋ ಏಳೋ ಸಲ. ಕೊನೆಗೆ ಬ್ಯಾಟರಿ ಕೆಮ್ಮಿ ಸುಮ್ಮನಾಯಿತು. ಕಾರು ಒಂದು ಮೊಳ ಮುಂದೆ ಬಂದಿತ್ತು.

ಜೀಪು ಬಂದದ್ದು ಒಂದೂವರೆ ಗಂಟೆಯ ಮೇಲೆ. ಅಮ್ಮ ಉಳಿದಳು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಮನೆಗೆ ಬಂದಳು, ಮತ್ತೆ 18 ವರ್ಷ ಬದುಕಿದಳು. ಹಾಗಾಗಿ ಇದು ದೊಡ್ಡ ಕತೆಯೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾರು ಮುಟ್ಟಿದ ವಿಷಯ ಯಾರಿಗೂ ಹೇಳಲಿಲ್ಲ. ಅಪ್ಪನೂ ಏನೂ ಕೇಳಲಿಲ್ಲ. ಮುಂದಿನ ವಾರ ಅವರು ತಮ್ಮನನ್ನು ಕೂರಿಸಿಕೊಂಡು ಅಡಿಕೆ ಒಣಗಿಸುವ ಅಂಗಳದಲ್ಲಿ ಗೇರು ಹಾಕುವುದನ್ನು ಕಲಿಸಲು ಶುರುಮಾಡಿದರು. ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತು ನೋಡಿದೆ. ನನ್ನನ್ನು ಕರೆಯಲಿಲ್ಲ. ನಾನೂ ಕೇಳಲಿಲ್ಲ. ಹುಡುಗಿಗೇಕೆ ಡ್ರೈವಿಂಗು ಎಂಬ ಲೆಕ್ಕವೇ ಇರಬೇಕು ಅಂದುಕೊಂಡೆ, ಆ ಸಿಟ್ಟನ್ನು ಜೋಪಾನವಾಗಿ ಇಟ್ಟುಕೊಂಡೆ.

ಆಮೇಲೆ ನಾನು ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿ, ಡ್ರೈವಿಂಗ್ ಶಾಲೆಯಲ್ಲಿ ಕಲಿತು, ಗೇರೇ ಇಲ್ಲದ ಆಟೋಮ್ಯಾಟಿಕ್ ಕಾರು ಕೊಂಡೆ.

2016ರಲ್ಲಿ ಅಪ್ಪನಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಅಂಚಿನ ದೃಷ್ಟಿ ಬಹುಪಾಲು ಹೋಗಿತ್ತು. ಹೋದದ್ದು ಮರಳುವುದಿಲ್ಲ ಎಂದರು ಡಾಕ್ಟರು. ಅಪ್ಪ ಮರುದಿನವೇ ಕೀಲಿಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದರು. ತಮ್ಮ ದೂರದ ಊರಿನಲ್ಲಿ. ಕಾರು ಮಾಡಿನಲ್ಲಿ ನಿಂತಿತು. 2019ರಲ್ಲಿ ಹೆಬ್ರಿ ಕಡೆಯ ಒಬ್ಬರು, ಹಳೆಯ ಕಾರುಗಳ ಹುಚ್ಚಿನವರು, ತಾವು ಇಟ್ಟುಕೊಂಡು ಓಡಿಸುತ್ತೇವೆಂದು ಕೇಳಿದರು. ಗುಜರಿಗೆ ಹೋಗುವುದಕ್ಕಿಂತ ವಾಸಿ ಎಂದು ಅಪ್ಪ ಒಪ್ಪಿದರು. ಅವರು ಲಾರಿ ಕಳಿಸುತ್ತೇವೆ ಎಂದರೆ ಅಪ್ಪ ಬೇಡ ಎಂದರು. “ಹೆಣ ಸಾಗಿಸ್ದಂಗೆ ಸಾಗಿಸೋದು ಬೇಡ. ಓಡಿಸ್ಕೊಂಡೇ ಹೋಗಿ ಕೊಡಣ.” ಓಡಿಸುವವರು ಯಾರು ಎಂದು ನಾನು ಕೇಳಲಿಲ್ಲ. ಅವರು ನನ್ನ ಕಡೆ ಮುಖ ಮಾಡಿ ಕೂತಿದ್ದರು.

ಮೆಕ್ಯಾನಿಕ್ಕು ಬಂದು ಬ್ಯಾಟರಿ, ಬ್ರೇಕು, ಟೈರು ಎಲ್ಲ ನೋಡಿ ಸರಿಮಾಡಿದ. ಆಮೇಲೆ ಎರಡು ದಿನ ಅದೇ ಅಂಗಳದಲ್ಲಿ ಪಾಠ. ಅಪ್ಪ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನನ್ನ ಕೈ ಅವರಿಗೆ ಕಾಣುತ್ತಿರಲಿಲ್ಲ, ಆದರೆ ಎಂಜಿನ್ನಿನ ದನಿ ಕೇಳಿ ಎಲ್ಲ ಹೇಳುತ್ತಿದ್ದರು. “ಅದು ಅಳ್ತಾ ಇದೆ, ಎರಡಕ್ಕೆ ಹಾಕು.” “ಈಗ ಬೇಡ, ಇನ್ನೊಂಚೂರು ಹೋಗ್ಲಿ.” ಹಳೆಯ ಅಂಬಾಸಿಡರಿನ ಮೊದಲ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಅಂದರೆ ಒಳಗಿನ ಹಲ್ಲುಚಕ್ರಗಳ ವೇಗವನ್ನು ಹೊಂದಿಸಿಕೊಡುವ ವ್ಯವಸ್ಥೆ ಇಲ್ಲ. ಕಾರು ಓಡುತ್ತಿರುವಾಗಲೇ ಒಂದಕ್ಕೆ ಹಾಕಹೋದರೆ ಕರ್ರ್ ಎಂದು ಕಿರುಚುತ್ತದೆ. ಪೂರ್ತಿ ನಿಂತು ಹಾಕಬೇಕು. ಇಲ್ಲವಾದರೆ ಕ್ಲಚ್ಚು ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು ತುಸು ಆಕ್ಸಿಲರೇಟರ್ ಕೊಟ್ಟು, ಮತ್ತೆ ಒತ್ತಿ ಹಾಕಬೇಕು. ನನ್ನ ಕೈಯಲ್ಲಿ ಅದು ಹತ್ತು ಸಲಕ್ಕೆ ಎರಡು ಸಲ ಬಂತು. “ಅವಸರ ಮಾಡಿದ್ರೆ ಅದು ಕೊಡಲ್ಲ,” ಎಂದರು ಅಪ್ಪ.

ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟೆವು. ಆಗುಂಬೆಯವರೆಗೆ ತೊಂದರೆಯಿಲ್ಲ. ನಾಲ್ಕನೇ ಗೇರಿನಲ್ಲಿ ಆ ಕಾರು ಅವಸರವಿಲ್ಲದ ಎತ್ತಿನ ಹಾಗೆ ಹೋಗುತ್ತದೆ. ನನ್ನ ಬೆಂಗಳೂರಿನ ಕಾರಿನಲ್ಲಿ ನಾನು ಫೋನಿನಲ್ಲಿ ಮಾತಾಡಿಕೊಂಡು, ಹಾಡು ಕೇಳಿಕೊಂಡು ಹೋಗುತ್ತೇನೆ. ಇದರಲ್ಲಿ ಎರಡು ಕೈ, ಎರಡು ಕಾಲು, ಕಿವಿ, ಸೊಂಟ ಎಲ್ಲವೂ ಕೆಲಸಕ್ಕೆ ಬೇಕು. ಬೇರೆ ಏನನ್ನೂ ಯೋಚಿಸಲು ಬಿಡುವುದಿಲ್ಲ.

ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವುಗಳು. ಇಳಿಯುವಾಗ ಬ್ರೇಕನ್ನೇ ನಂಬಿ ಕೂರಬಾರದು, ಎರಡನೇ ಗೇರಿನಲ್ಲಿಟ್ಟು ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುವಂತೆ ಇಳಿಸಬೇಕು. ನಾಲ್ಕೈದು ತಿರುವು ಇಳಿದಿದ್ದೆವು. ಕೆಳಗಿನಿಂದ ಒಂದು ಮಿನಿ ಬಸ್ಸು ಬಂತು. ಹತ್ತುವ ಗಾಡಿಗೆ ದಾರಿ ಬಿಡಬೇಕಲ್ಲ, ಅಂಚಿಗೆ ತೆಗೆದು ನಿಲ್ಲಿಸಿದೆ. ಬಸ್ಸು ಹೋಯಿತು. ಒಂದಕ್ಕೆ ಹಾಕಲು ಕೋಲನ್ನು ಎಳೆದೆ, ಅದು ಅರ್ಧಕ್ಕೆ ಕಚ್ಚಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೈ ನಡುಗತೊಡಗಿತು. 17ರ ವಯಸ್ಸಿನ ಅದೇ ಮಳೆ, ಅದೇ ಕತ್ತಲೆ ಕಿವಿಯಲ್ಲಿ ತುಂಬಿದ ಹಾಗಾಯಿತು.

“ಕಚ್ಕೊಂತಾ?” ಎಂದರು ಅಪ್ಪ, ಕಾಫಿ ಆಯ್ತಾ ಎಂದು ಕೇಳುವ ಹಾಗೆ. “ಹ್ಯಾಂಡ್ ಬ್ರೇಕ್ ಹಾಕು. ಟೈರಿಗೆ ಕಲ್ಲು ಕೊಡು. ಬಾನೆಟ್ ಎತ್ತು.”

ಸ್ಟೇರಿಂಗಿನಿಂದ ಗೇರ್‌ಬಾಕ್ಸಿನವರೆಗೆ ಹ್ಯಾಂಡ್ ಗೇರಿನ ಚಲನೆ ಕಡ್ಡಿ, ಕೀಲುಗಳ ಮೂಲಕ ಹೋಗುತ್ತದೆ. ವರ್ಷಗಟ್ಟಲೆ ನಿಂತು ಬುಷ್ಷು ಸವೆದು ಗ್ರೀಸು ಒಣಗಿದರೆ ಎರಡು ಕೀಲುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಗ್ರೀಸು ಹಾಕಿಸಲು ನಾವೇ ಮರೆತಿದ್ದೆವು. ಅಪ್ಪ ಕಾರಿನ ಮೈ ಸವರಿಕೊಂಡು ಮುಂದೆ ಬಂದರು. ಬಾಗಿ, ಬಲಗೈಯನ್ನು ಒಳಗೆ ಇಳಿಬಿಟ್ಟು, ಸ್ಟೇರಿಂಗ್ ಕಂಬದ ಬುಡದಲ್ಲಿ ತಡಕಿದರು. ನಂತರ ನನ್ನ ಕೈ ಹಿಡಿದು ಅಲ್ಲಿಗೆ ಇಟ್ಟರು. “ಎರಡು ಕಡ್ಡಿ ಇದೆ ನೋಡು. ಒಂದು ಓಡೋದು, ಒಂದು ಆರಿಸೋದು. ಎರಡನ್ನೂ ಒಂದೇ ಸಾಲಿಗೆ ತಾ.” ಬಿಸಿ ಎಂಜಿನ್ನಿನ ವಾಸನೆಯ ನಡುವೆ ಜೋರಾಗಿ ಒತ್ತಿದೆ. ಟಕ್ ಎಂದು ಸಡಿಲವಾಯಿತು.

ಕೈಯೆಲ್ಲ ಕಪ್ಪು. ಅಪ್ಪ ಹೆಗಲ ಮೇಲಿನ ಟವೆಲು ಕೊಟ್ಟರು. ಕಣಿವೆಯ ಕಡೆ ಮುಖಮಾಡಿ ನಿಂತು, ಇಷ್ಟು ಹೇಳಿದರು: “ಅವತ್ತು ಶಿವಮೊಗ್ಗದಿಂದ ಬಂದು ನೋಡಿದಾಗ ಗೇರು ಮೂರರಲ್ಲಿತ್ತು.”

ನಾನು ಟವೆಲು ಹಿಡಿದು ನಿಂತೇ ಇದ್ದೆ. 26 ವರ್ಷ ಇದನ್ನು ಇವರು ಎಲ್ಲಿಟ್ಟಿದ್ದರು? ಎಷ್ಟೋ ಹೊತ್ತಿನ ಮೇಲೆ ಕೇಳಿದೆ, “ಮತ್ತೆ ತಮ್ಮನಿಗೆ ಕಲಿಸಿದ್ರಿ. ನನಗ್ಯಾಕೆ ಕಲಿಸ್ಲಿಲ್ಲ?”

“ಕೋಲು ಮುಟ್ಟಿದಾಗೆಲ್ಲ ನಿನಗೆ ಅದೇ ನೆನಪಾಗುತ್ತೆ ಅಂದ್ಕೊಂಡೆ.” ಸ್ವಲ್ಪ ತಡೆದು ಸೇರಿಸಿದರು. “ನನಗೂ ನೆನಪಾಗ್ತಿತ್ತು. ಮನೇಲಿ ಕಾರಿತ್ತು, ಓಡಿಸೋರಿರ್ಲಿಲ್ಲ. ಅದು ನನ್ನ ತಪ್ಪು, ನಿನ್ನದಲ್ಲ.”

ಅವರ ಮೊದಲ ಕಾರಣವನ್ನು ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಒಳ್ಳೆಯ ಉದ್ದೇಶದಿಂದ ಬಾಗಿಲು ಮುಚ್ಚಿದರೂ ಹೊರಗೆ ನಿಂತವರಿಗೆ ಅದು ಮುಚ್ಚಿದ ಬಾಗಿಲೇ. ಎರಡನೆಯ ಮಾತನ್ನು ಮಾತ್ರ ಇಟ್ಟುಕೊಂಡಿದ್ದೇನೆ. ನಾನು ಜೋಪಾನ ಮಾಡಿದ ಸಿಟ್ಟಿನ ಪಕ್ಕದಲ್ಲೇ ಅವರೂ ಏನನ್ನೋ ಜೋಪಾನ ಮಾಡುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ.

ಕಲ್ಲು ತೆಗೆದು, ಕಾರಿಗೆ ಹತ್ತಿ, ಕೋಲನ್ನು ನನ್ನ ಕಡೆಗೆ ಎಳೆದು ಮೇಲಕ್ಕೆತ್ತಿದೆ. ಒಂದು. ಇಳಿಸಿದೆ, ಎರಡು. ಉಳಿದ ತಿರುವುಗಳಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಸೋಮೇಶ್ವರದಲ್ಲಿ ನೆಲ ಸಮವಾದಾಗ ನೋಡಿದರೆ ಅವರು ನಿದ್ದೆ ಹೋಗಿದ್ದರು.

ಹೆಬ್ರಿಯಲ್ಲಿ ಕಾಗದಪತ್ರ, ಕೀಲಿ ಎಲ್ಲ ಕೊಟ್ಟೆವು. ಅಪ್ಪ ಗೇರಿನ ಗುಂಡನ್ನು ಒಮ್ಮೆ ಮುಟ್ಟಿದರು. ಅದನ್ನು ಬಿಚ್ಚಿಕೊಡುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ ಎಂದು ಹೊಸ ಯಜಮಾನರು ಹೇಳಿದರೆ ಅಪ್ಪ ನಕ್ಕರು. “ಅದಿಲ್ದೆ ನೀವು ಓಡಿಸೋದು ಹೆಂಗೆ?”

ಮರಳುವಾಗ ಮಿನಿ ಬಸ್ಸು. ಅಪ್ಪನಿಗೆ ಕಿಟಕಿ ಪಕ್ಕದ ಸೀಟು, ನನಗೆ ಅವರ ಪಕ್ಕದ್ದು. ಘಾಟಿಯ ಮೊದಲ ತಿರುವಿನಲ್ಲಿ ಬಸ್ಸು ಏದುಸಿರು ಬಿಟ್ಟಿತು. “ಈಗ ಒಂದಕ್ಕೆ ಹಾಕ್ಬೇಕು,” ಎಂದು ಅಪ್ಪ ತಮ್ಮಷ್ಟಕ್ಕೆ ಹೇಳಿಕೊಂಡರು. ನನ್ನ ಎಡಗೈಯ ಎರಡು ಬೆರಳು ತಾವಾಗಿಯೇ ನನ್ನ ಕಡೆಗೆ ಎಳೆದುಕೊಂಡವು.